ತೆರೆಯದೆ ತಿಳಿಯುವುದು

ಅಣ್ಣಿಗೇರಿ, ನವಲಗುಂದದಂಥ ಊರುಗಳ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಳೆಯ ಬ್ಯಾಟರಿಯನ್ನು ಪರೀಕ್ಷಿಸುವ ಒಂದು ಸರಳ ಕ್ರಮವಿದೆ. ಫೋನಿನ ಹಿಂಬದಿ ಮುಚ್ಚಳ ಬಿಚ್ಚಿ ಬ್ಯಾಟರಿ ಹೊರಗೆ ತೆಗೆಯುತ್ತಾರೆ. ಗಾಜಿನ ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ಚೂರು ತಿರುವುತ್ತಾರೆ. ಮೈ ಸಪಾಟಾಗಿದ್ದರೆ ಬ್ಯಾಟರಿ ಗಾಜಿಗೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ನಡು ಉಬ್ಬಿದ್ದರೆ ಗರಗರ ತಿರುಗುತ್ತದೆ. ‘ಉಬ್ಬೇತ್ರೀ ಕಾಕಾ, ಇನ್ನ ಇದನ್ನ ಹಾಕಬ್ಯಾಡ್ರಿ’ ಎಂದು ಹುಡುಗ ಹೇಳುತ್ತಾನೆ. ಒಳಗೆ ಏನಾಗಿದೆ ಎಂದು ಅವನು ನೋಡಿಲ್ಲ, ನೋಡುವಂತೆಯೂ ಇಲ್ಲ. ಚುಚ್ಚಿದರೆ ಹೊಗೆ, ಬೆಂಕಿ. ಹೊರಗಿನ ಒಂದು ಲಕ್ಷಣ ಹಿಡಿದು ಒಳಗಿನ ಕೆಡುಕನ್ನು ಊಹಿಸಿ, ಆ ಊಹೆಯ ಮೇಲೆ ತೀರ್ಮಾನ ಕೊಟ್ಟಿದ್ದಾನೆ.

ಇಷ್ಟು ಚಿಕ್ಕ ಕೆಲಸದೊಳಗೆ ದೊಡ್ಡ ಪ್ರಶ್ನೆಯೊಂದು ಕೂತಿದೆ. ತೆರೆದರೆ ಕೆಟ್ಟುಹೋಗುವ ವಸ್ತುವನ್ನು ತಿಳಿಯುವುದು ಹೇಗೆ? ಅದು ಕೆಲಸ ಮಾಡುತ್ತಿರುವಾಗಲೇ ಅದರ ಕೆಲಸವನ್ನು ಕಾಣಲು ಬರುತ್ತದೆಯೆ? ಬ್ಯಾಟರಿಯನ್ನು ಎಂಆರ್‌ಐ ಯಂತ್ರದೊಳಗೆ ಇಟ್ಟು, ಅಲ್ಲೇ ಚಾರ್ಜ್ ಮಾಡುತ್ತ, ಖಾಲಿ ಮಾಡುತ್ತ ಅದರ ಒಳಗನ್ನು ಅರಿಯಲು ಹೊರಟವರ ಕೆಲಸವನ್ನು ಓದತೊಡಗಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಲಿಥಿಯಂ ಅಯಾನ್ ಬ್ಯಾಟರಿಯ ಒಳಗನ್ನು ಬಾಯಿಮಾತಿನಲ್ಲಿ ಹೇಳುವುದು ಸುಲಭ. ತಾಮ್ರದ ತೆಳು ಹಾಳೆಗೆ ಬಳಿದ ಗ್ರಾಫೈಟ್ ಒಂದು ಕಡೆ, ಅಲ್ಯುಮಿನಿಯಂ ಹಾಳೆಗೆ ಬಳಿದ ಲೋಹದ ಆಕ್ಸೈಡ್ ಇನ್ನೊಂದು ಕಡೆ, ನಡುವೆ ಸಣ್ಣ ರಂಧ್ರಗಳ ಪ್ಲಾಸ್ಟಿಕ್ ಪರದೆ, ಎಲ್ಲವನ್ನೂ ತೋಯಿಸಿದ ಒಂದು ದ್ರಾವಣ. ಚಾರ್ಜಿಗೆ ಹಚ್ಚಿದಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ಸಂದಿಗೆ ಸೇರುತ್ತವೆ. ಫೋನ್ ಬಳಸುವಾಗ ಹಿಂದಿರುಗುತ್ತವೆ. ಕೋಬಾಲ್ಟ್ ಆಕ್ಸೈಡ್ ಈ ಕೆಲಸಕ್ಕೆ ಒದಗುತ್ತದೆಂದು ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು, 1991ರಲ್ಲಿ ಸೋನಿ ಕಂಪನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೂ ನೊಬೆಲ್ ಬಂತು. ಇವತ್ತು ಕುಂದಗೋಳದ ಹೊಲದ ಬದುವಿನ ಮೇಲೆ ನಿಂತು ಮೆಣಸಿನಕಾಯಿ ದರ ಕೇಳುವ ರೈತನ ಜೇಬಿನಲ್ಲೂ ಈ ಹೋಗಿಬರುವಿಕೆ ನಡೆದೇ ಇರುತ್ತದೆ.

ಅದನ್ನು ಕಣ್ಣಾರೆ ನೋಡಬೇಕೆಂದರೆ ಬ್ಯಾಟರಿಯನ್ನು ಕೊಯ್ಯಬೇಕು. ಪ್ರಯೋಗಾಲಯಗಳಲ್ಲಿ ಕೊಯ್ಯುತ್ತಾರೆ, ಆ ಕೆಲಸಕ್ಕೆ ಮರಣೋತ್ತರ ಪರೀಕ್ಷೆ ಎಂದೇ ಹೆಸರು. ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಉದ್ದನೆಯ ರಬ್ಬರ್ ಕೈಗವಸಿನಲ್ಲಿ ಕೈ ತೂರಿಸಿ ಪದರ ಪದರವಾಗಿ ಬಿಚ್ಚುತ್ತಾರೆ. ಆಗ ಕಾಣುವ ನೋಟ ಬೆರಗಿನದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಗ್ರಾಫೈಟ್ ಕಪ್ಪಗೆ ಇರುವುದಿಲ್ಲ, ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಆರು ಇಂಗಾಲಕ್ಕೆ ಒಂದು ಲಿಥಿಯಂ ಸೇರಿದ ಗುರುತು ಅದು. ಲಿಥಿಯಂ ಅರ್ಧ ತುಂಬಿದಲ್ಲಿ ಕೆಂಪು, ಇನ್ನೂ ಕಡಿಮೆ ಇದ್ದಲ್ಲಿ ನೀಲಿ. ಅದೇ ಹಾಳೆಯನ್ನು ಹೊರಗಿನ ಗಾಳಿಗೆ ತಂದರೆ ತೇವ ತಾಕಿ ಆ ಬಂಗಾರ ಕಂದಿ ಕಪ್ಪಾಗುತ್ತದೆ. ಆರ್ಗಾನಿನಲ್ಲೇ ಕಾಪಾಡಿಕೊಂಡರೂ ನಮ್ಮೆದುರು ಇರುವುದು ನಿಂತುಹೋದ ಬ್ಯಾಟರಿ. ಕರೆಂಟ್ ಹರಿಯುವಾಗ ದ್ರಾವಣ ಒಂದು ಬದಿಗೆ ದಟ್ಟವಾಗಿ ಇನ್ನೊಂದು ಬದಿಗೆ ತೆಳುವಾಗಿ ಇರುತ್ತದಲ್ಲ, ಆ ಏರುಪೇರು ಕರೆಂಟ್ ನಿಂತ ಸ್ವಲ್ಪ ಹೊತ್ತಿನಲ್ಲೇ ಸಮವಾಗಿಬಿಡುತ್ತದೆ. ಕೊಯ್ದವರಿಗೆ ನಡೆದದ್ದರ ಗುರುತು ಸಿಗುತ್ತದೆ, ನಡೆಯುವುದು ಸಿಗುವುದಿಲ್ಲ.

ನಮ್ಮ ಎರಿ ಸೀಮೆಯ ಹಿರಿಯರಿಗೆ ಈ ಇಕ್ಕಟ್ಟು ಹೊಸದಲ್ಲ. ಅವರು ಹಗೇವು ಬಲ್ಲವರು. ನೆಲದೊಳಗೆ ಆಳವಾಗಿ ತೋಡಿದ ಕುಣಿ, ತಳಕ್ಕೂ ಸುತ್ತಲೂ ಹುಲ್ಲಿನ ಹೊದಿಕೆ, ಅದರೊಳಗೆ ಜೋಳ, ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಕಾಳು ಒಳಗೆ ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನು ತಾನೇ ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ, ಆ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಅದಕ್ಕೇ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರನ್ನು ಉಳಿಸಿದ್ದು ಹಗೇವೇ. ಆದರೆ ಒಳಗಿನ ಕಾಳು ಹೇಗಿದೆಯೋ ನೋಡೋಣವೆಂದು ನಡುವೆ ಬಾಯಿ ತೆಗೆದರೆ ಕಾಳನ್ನು ಕಾಯುತ್ತಿದ್ದ ಗಾಳಿಯೇ ಹೋಯಿತು. ಹೊರಗಿನ ಗಾಳಿ, ತೇವ, ಹುಳ ಒಳಗೆ ಬಂದವು. ತೆರೆದ ಮೇಲೆ ಒಮ್ಮೆಗೇ ಖಾಲಿ ಮಾಡುವುದು ಅದಕ್ಕೇ ರೂಢಿ. ಇಳಿಯುವ ಮುಂಚೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಬಾರದು. ಈ ಎಚ್ಚರ ತಪ್ಪಿ ಜೀವ ಕಳೆದುಕೊಂಡವರ ಕಥೆಗಳು ಹಲವು ಊರುಗಳಲ್ಲಿ ಇವೆ.

ಹಗೇವನ್ನು ನೆನೆದಾಗ ಒಂದು ಸಂಗತಿ ನನಗೆ ಸ್ಪಷ್ಟವಾಗುತ್ತದೆ. ನಾವು ಮುಚ್ಚಳವನ್ನು ನೋಟಕ್ಕೆ ಅಡ್ಡಿ ಎಂದು ಎಣಿಸುತ್ತೇವೆ, ಅದನ್ನು ಸರಿಸಿದರೆ ಒಳಗಿನ ನಿಜ ಇದ್ದ ಹಾಗೇ ಕಾಣುತ್ತದೆಂದು ನಂಬುತ್ತೇವೆ. ಹಗೇವಿನಲ್ಲಿ ಮುಚ್ಚಿರುವುದೇ ಕೆಲಸ. ಬ್ಯಾಟರಿಯಲ್ಲೂ ಹಾಗೇ. ಮುಚ್ಚಳ ಒಳಗಿನ ನಿಜದ ಒಂದು ಭಾಗ. ಅದನ್ನು ತೆಗೆದವನು ತಾನು ನೋಡಬೇಕಾದುದರಲ್ಲಿ ಒಂದಂಶವನ್ನು ಮೊದಲೇ ತೆಗೆದುಹಾಕಿರುತ್ತಾನೆ.

ಎಂಆರ್‌ಐ ಇಂಥ ಮುಚ್ಚಿದ ವಸ್ತುಗಳಿಗಾಗಿಯೇ ಬಂದ ವಿದ್ಯೆ, ಆದರೆ ಅದಕ್ಕೂ ಲೋಹಕ್ಕೂ ಆಗಿಬರುವುದಿಲ್ಲ. ಕಲಘಟಗಿ ಕಡೆಯಿಂದ ನಡುನೋವಿಗೆಂದು ಹುಬ್ಬಳ್ಳಿಗೆ ಬಂದ ತಾಯಿಗೆ ಬಾಗಿಲಲ್ಲೇ ಹೇಳುತ್ತಾರೆ: ‘ತಾಳಿ, ಬೆಂಡೋಲೆ, ಕಾಲುಂಗುರ ಎಲ್ಲಾ ತಗದು ಮಗನ ಕೈಯಾಗ ಕೊಡ್ರಿ ಯವ್ವಾ.’ ಮಗನ ಫೋನಂತೂ ಹೊಸ್ತಿಲು ದಾಟುವಂತಿಲ್ಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವ 1.5 ಟೆಸ್ಲಾ ಅಯಸ್ಕಾಂತದ ಬಲ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಆ ಕ್ಷೇತ್ರದಲ್ಲಿ ಆ ತಾಯಿಯ ಮೈಯ ನೀರಿನಲ್ಲಿರುವ ಜಲಜನಕದ ನ್ಯೂಕ್ಲಿಯಸ್‌ಗಳು ಒಂದು ಗೊತ್ತಾದ ವೇಗದಲ್ಲಿ ತೊನೆಯುತ್ತವೆ. ಅದೇ ಆವರ್ತನದ ರೇಡಿಯೋ ಅಲೆ ಕಳಿಸಿದರೆ ಮಿಡಿದು ಮರುದನಿ ಕೊಡುತ್ತವೆ. ಕ್ಷೇತ್ರವನ್ನು ಸ್ಥಳದಿಂದ ಸ್ಥಳಕ್ಕೆ ಚೂರು ಚೂರೇ ಬದಲಿಸಿದರೆ ಯಾವ ದನಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಚಾಕು ಮುಟ್ಟದೆ ಬೆನ್ನೆಲುಬಿನ ಸಂದುಗಳು ಚಿತ್ರವಾಗಿ ಬರುವುದು ಹೀಗೆ.

ಈ ವಿದ್ಯೆಯ ಇತಿಹಾಸದಲ್ಲಿ ಬೆಂಗಳೂರಿಗೆ ಒಂದು ಜಾಗವಿದೆ, ಅದನ್ನು ನಾವು ಹೇಳಬೇಕಾದಷ್ಟು ಹೇಳಿಲ್ಲ. ಪರ್ಸೆಲ್ ಮತ್ತು ಬ್ಲಾಕ್ ಇಬ್ಬರೂ ಬೇರೆ ಬೇರೆಯಾಗಿ ದ್ರವ, ಘನ ವಸ್ತುಗಳಲ್ಲಿ ನ್ಯೂಕ್ಲಿಯಸ್‌ಗಳ ಅನುರಣನವನ್ನು ಕಂಡ ವಿಷಯ ಪ್ರಕಟವಾದದ್ದು 1946ರಲ್ಲಿ. ಐದೇ ವರ್ಷಕ್ಕೆ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದ ಮೇಲೆ ಈ ಪ್ರಯೋಗ ಮಾಡಿದರು. ನಿಂತ ದ್ರವಕ್ಕೆ ರೇಡಿಯೋ ಅಲೆ ಬಿಡುತ್ತಲೇ ಇದ್ದರೆ ನ್ಯೂಕ್ಲಿಯಸ್‌ಗಳು ದಣಿದಂತಾಗಿ ದನಿ ಕುಗ್ಗುತ್ತದೆ. ಹರಿಯುವ ದ್ರವದಲ್ಲಿ ದಣಿದವು ಮುಂದೆ ಸಾಗಿ ಹೊಸವು ಬರುತ್ತವೆ, ದನಿ ಏರುತ್ತದೆ. ಹರಿವು ಅಳತೆಗೆ ತೊಂದರೆ ಎಂದು ಯಾರಾದರೂ ಬದಿಗಿಡಬಹುದಿತ್ತು. ಸೂರ್ಯನ್ ಆ ಹರಿವನ್ನೇ ಅಳೆಯಬಹುದಾದ ಸಂಗತಿಯಾಗಿ ಕಂಡರು. ಮುಂದೆ ರಕ್ತನಾಳಗಳಲ್ಲಿ ರಕ್ತದ ಓಟವನ್ನು ಅಳೆಯುವ ಕೆಲಸಕ್ಕೆ ಇದು ಬುನಾದಿಯಾಯಿತು. ಲಾಟರ್ಬರ್ ಎಂಆರ್‌ಐ ವಿದ್ಯೆಯ ಮೊದಲ ಚಿತ್ರ ಪ್ರಕಟಿಸಿದ್ದು 1973ರಲ್ಲಿ. ಅದಕ್ಕೂ 22 ವರ್ಷ ಮುಂಚಿನ ಮಾತು ಇದು. ಆಮೇಲೆ 1975ರಲ್ಲಿ ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಮತ್ತು ವೆಲ್ಟಿ ಅವರೊಂದಿಗೆ ಫೂರಿಯೆ ವಿಧಾನದ ಚಿತ್ರಣವನ್ನು ರೂಪಿಸಿದ ಅನಿಲ್ ಕುಮಾರ್ ಕೂಡ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದವರು. ಇಂದಿನ ಆಸ್ಪತ್ರೆಯ ಯಂತ್ರಗಳು ಚಿತ್ರ ಕಟ್ಟುವುದು ಆ ವಿಧಾನದಿಂದ ಬೆಳೆದು ಬಂದ ದಾರಿಯಲ್ಲೇ.

ಸೂರ್ಯನ್ ಅವರ ಪ್ರಯೋಗದ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ನೋಡುವವನಿಗೆ ಅನುಕೂಲವಾಗಲೆಂದು ವಸ್ತು ಸುಮ್ಮನೆ ನಿಲ್ಲಬೇಕು ಎಂಬುದು ನಮ್ಮ ಹಳೆಯ ಹಟ. ಇಲ್ಲಿ ಚಲನೆಯೇ ದನಿಯನ್ನು ಗಟ್ಟಿ ಮಾಡಿತು. ಕೆಲಸದಲ್ಲಿರುವ ವಸ್ತು ನಿಂತ ವಸ್ತುವಿಗಿಂತ ಹೆಚ್ಚು ಹೇಳಬಲ್ಲದು, ಕೇಳುವವನು ಕೇಳುವ ಬಗೆಯನ್ನು ಬದಲಿಸಿಕೊಂಡರೆ.

ಬ್ಯಾಟರಿಯ ವಿಷಯದಲ್ಲಿ ಕೇಳುವ ಬಗೆ ಬದಲಾದದ್ದು ಲಿಥಿಯಮ್ಮಿನ ಕಡೆಯಿಂದ. ನಿಸರ್ಗದಲ್ಲಿ ಸಿಗುವ ನೂರು ಲಿಥಿಯಂ ಪರಮಾಣುಗಳಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಲಿಥಿಯಂ-7. ಅದರ ನ್ಯೂಕ್ಲಿಯಸ್ಸೂ ಕಾಂತಕ್ಷೇತ್ರದಲ್ಲಿ ಮಿಡಿಯುತ್ತದೆ, ಜಲಜನಕದ ಐದರಲ್ಲಿ ಎರಡು ಪಾಲಿಗೆ ತುಸು ಕಡಿಮೆ ಆವರ್ತನದಲ್ಲಿ. ಇನ್ನೂ ಉಪಕಾರದ ಸಂಗತಿಯೆಂದರೆ ದ್ರಾವಣದಲ್ಲಿರುವ ಲಿಥಿಯಂ ಅಯಾನು ಮತ್ತು ಲೋಹವಾಗಿ ಕೂತ ಲಿಥಿಯಂ ಒಂದೇ ಆವರ್ತನದಲ್ಲಿ ಉತ್ತರಿಸುವುದಿಲ್ಲ. ಲೋಹದೊಳಗಿನ ಎಲೆಕ್ಟ್ರಾನುಗಳ ಪ್ರಭಾವದಿಂದ ದನಿ ಹತ್ತು ಲಕ್ಷದಲ್ಲಿ ಸುಮಾರು 250 ಪಾಲಿನಷ್ಟು ಸರಿದಿರುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ ಬ್ಯಾಟರಿಯ ದೊಡ್ಡ ಕೇಡು ಅಲ್ಲೇ ಇದೆ. ಅಯಾನು ಹೋಗಿ ಪದರದೊಳಗೆ ಸೇರುವ ಬದಲು ಮೇಲ್ಮೈಯಲ್ಲೇ ಲೋಹವಾಗಿ ಕೂತು, ಪಾಚಿಯಂತೆ, ಎಳೆಯಂತೆ ಬೆಳೆದು, ಪರದೆ ದಾಟಿ ಎದುರು ಬದಿಯನ್ನು ಮುಟ್ಟಿದರೆ ಒಳಗೇ ಶಾರ್ಟ್ ಆಗುತ್ತದೆ.

2012ರಲ್ಲಿ ಕ್ಲೇರ್ ಗ್ರೇ, ಅಲೆಕ್ಸೇ ಜೆರ್ಶೋ ಮತ್ತು ಸಂಗಡಿಗರು ಈ ಬೆಳವಣಿಗೆ ಎಲ್ಲಿ ಆಗುತ್ತದೆಂದು ಲಿಥಿಯಮ್ಮಿನದೇ ಎಂಆರ್‌ಐ ಮಾಡಿ ತೋರಿಸಿದರು. ಎರಡೂ ಬದಿಗೆ ಲಿಥಿಯಂ ಲೋಹವಿದ್ದ ಪುಟ್ಟ ಕೋಶ, ಅದರ ಮೂಲಕ ಕರೆಂಟ್ ಹರಿಸುವ ಮುಂಚಿನ ಚಿತ್ರ, ಹರಿಸಿದ ಮೇಲಿನ ಚಿತ್ರ. ಇಲ್ಲಿ ಒಂದು ಸೂಕ್ಷ್ಮವಿದೆ. ರೇಡಿಯೋ ಅಲೆ ಲೋಹದೊಳಗೆ ಆಳಕ್ಕೆ ಇಳಿಯುವುದಿಲ್ಲ. ಇಂಥ ಪ್ರಯೋಗಗಳಲ್ಲಿ ಲಿಥಿಯಮ್ಮಿನೊಳಗೆ ಅದು ಹೋಗುವುದು ಹತ್ತು ಹದಿನೈದು ಮೈಕ್ರಾನ್, ತಲೆಗೂದಲಿನ ದಪ್ಪದ ಐದನೆಯ ಒಂದು ಪಾಲಿನಷ್ಟು. ಹಾಗಾಗಿ ದಪ್ಪನೆಯ, ನುಣ್ಣನೆಯ, ಆರೋಗ್ಯದ ಲೋಹ ತನ್ನ ತೊಗಲನ್ನಷ್ಟೇ ತೋರಿಸಿ ಉಳಿದದ್ದನ್ನು ಬಚ್ಚಿಡುತ್ತದೆ. ಹೊಸದಾಗಿ ಬೆಳೆದ ಪಾಚಿಯ ಎಳೆಗಳು ಆ ಅಳತೆಗಿಂತಲೂ ತೆಳು. ಅವು ಪೂರ್ತಿ ಕಾಣುತ್ತವೆ. ಮೊದಲ ನೋಟಕ್ಕೆ ಕೊರತೆ ಎನಿಸಿದ್ದೇ ಇಲ್ಲಿ ವರವಾಯಿತು. ಕೇಡನ್ನು ಎತ್ತಿ ತೋರಿಸುವ ಗುಣ ಆ ವಿಧಾನದ ಹುಟ್ಟಿನಲ್ಲೇ ಇದೆ.

ಆದರೆ ಪ್ರಯೋಗಕ್ಕೆಂದೇ ಕಟ್ಟಿದ ಕೋಶ ಬೇರೆ, ಅಂಗಡಿಯಲ್ಲಿ ಸಿಗುವ ಬ್ಯಾಟರಿ ಬೇರೆ. ನಿಜವಾದ ಬ್ಯಾಟರಿಗೆ ಹೊರಗೆ ಲೋಹದ ಹಾಳೆಯ ಹೊದಿಕೆ, ಒಳಗೆ ತಾಮ್ರ ಮತ್ತು ಅಲ್ಯುಮಿನಿಯಮ್ಮಿನ ಹಲವು ಪದರ. ರೇಡಿಯೋ ಅಲೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಜೆರ್ಶೋ ಅವರ ತಂಡ 2018ರಲ್ಲಿ ಪ್ರಕಟಿಸಿದ ಉಪಾಯ ನನಗೆ ಇಡೀ ವಿಷಯದ ಜೀವಾಳವೆನಿಸುತ್ತದೆ. ಅವರು ಬ್ಯಾಟರಿಯನ್ನು ಕೇಳುವುದನ್ನೇ ಬಿಟ್ಟು, ಅದರ ಅಕ್ಕಪಕ್ಕದಲ್ಲಿ ನೀರಿಟ್ಟು ಆ ನೀರನ್ನು ಕೇಳಿದರು. ಚಾರ್ಜ್ ಏರಿದಂತೆ, ಇಳಿದಂತೆ ಆಕ್ಸೈಡಿನಲ್ಲಿರುವ ಲೋಹದ ಕಾಂತಗುಣ ಬದಲಾಗುತ್ತದೆ. ಹೊರಗಿನ ಕ್ಷೇತ್ರ ಅತಿ ಸ್ವಲ್ಪ ಬಾಗುತ್ತದೆ. ಆ ಬಾಗುವಿಕೆ ನೀರಿನ ಜಲಜನಕದ ಮಿಡಿತದಲ್ಲಿ ಕಾಣುತ್ತದೆ. ಬ್ಯಾಟರಿ ಎಷ್ಟು ತುಂಬಿದೆ, ಒಳಗೆ ಎಲ್ಲಾದರೂ ಪೆಟ್ಟು ಬಿದ್ದಿದೆಯೆ ಎಂಬುದನ್ನು ಹೀಗೆ ಪಕ್ಕದ ನೀರಿನಿಂದ ಓದಿದರು. ಒಳಗೆ ಏನನ್ನೂ ಕಳಿಸಲಿಲ್ಲ, ಒಳಗಿನಿಂದ ಏನನ್ನೂ ತೆಗೆಯಲಿಲ್ಲ.

ಇಲ್ಲಿಗೆ ಬಂದಾಗ ಮನಸ್ಸು ಹಿಗ್ಗಿ, ತೆರೆಯದೆ ತಿಳಿಯುವುದೇ ಶ್ರೇಷ್ಠ, ಕೊಯ್ದು ತಿಳಿಯುವುದು ಕೀಳು ಎಂದು ತೀರ್ಪು ಕೊಡಲು ಹೊರಡುತ್ತದೆ. ನಾನು ಆ ತೀರ್ಪಿಗೆ ಒಪ್ಪುವುದಿಲ್ಲ. ನೀರಿನಲ್ಲಿ ಮೂಡಿದ ನಕಾಶೆಯನ್ನು ಹಾಗೇ ಎದುರಿಗಿಟ್ಟರೆ ಅದೇನೂ ಹೇಳುವುದಿಲ್ಲ. ಹೊರಗೆ ಒಂದೇ ರೀತಿಯಾಗಿ ತೋರುವ ಕ್ಷೇತ್ರಕ್ಕೆ ಒಳಗಿನ ಬೇರೆ ಬೇರೆ ಜೋಡಣೆಗಳು ಕಾರಣವಾಗಬಹುದು. ಇವುಗಳಲ್ಲಿ ಯಾವುದು ಸಂಭವ, ಯಾವುದು ಅಸಂಭವ ಎಂದು ಆರಿಸಲು ಒಳಗಿನ ಪದರಗಳು ಎಷ್ಟು ದಪ್ಪ, ಯಾವ ಆಕ್ಸೈಡ್, ಚಾರ್ಜ್ ಆದಾಗ ಅದರ ಕಾಂತಗುಣ ಎಷ್ಟು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಅದು ಗೊತ್ತಾದದ್ದು ಸಾವಿರಾರು ಬ್ಯಾಟರಿಗಳನ್ನು ಕೊಯ್ದವರಿಂದ. ಗ್ರಾಫೈಟಿನ ಬಂಗಾರವನ್ನು ಆರ್ಗಾನಿನಲ್ಲಿ ಕಂಡವರ ಋಣದ ಮೇಲೆ ನೀರಿನ ನಕಾಶೆ ನಿಂತಿದೆ.

ನಮ್ಮ ಹೊಲಗಳಲ್ಲೂ ಈ ಎರಡು ಬಗೆಯ ತಿಳಿವು ಅಕ್ಕಪಕ್ಕ ಇವೆ. 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಬಂದಾಗ ಹೊಲದ ಮಣ್ಣನ್ನು ತೋಡಿ, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸುವುದನ್ನು ಎಲ್ಲರೂ ನೋಡಿದ್ದೇವೆ. ಸಾರಜನಕ, ರಂಜಕ, ಪೊಟ್ಯಾಷ್, ಸತು ಎಷ್ಟಿದೆಯೆಂದು ಆ ಚೀಟಿ ಹೇಳುತ್ತದೆ, ಅದು ಬೇಕಾದ ಮಾತು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದಾಗ ಉಬ್ಬಿ ಕೂಡಿಕೊಳ್ಳುವ ಎರಿ ಮಣ್ಣಿನ ನಡೆ ಆ ಒಣಗಿದ ಪುಡಿಯಲ್ಲಿ ಉಳಿದಿರುವುದಿಲ್ಲ. ಹಿಂಗಾರಿಗೆ ಕಡಲೆ ಬಿತ್ತುವ ಮುಂಚೆ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಹದ ನೋಡುವ ರೈತ ಆ ನಡೆಯನ್ನು ಓದುತ್ತಾನೆ. ಅವನಿಗೆ ಸತುವಿನ ಕೊರತೆ ಕೈಯಲ್ಲಿ ತಿಳಿಯುವುದಿಲ್ಲ. ಚೀಟಿ ಓದಿದವನಿಗೆ ಹದ ತಿಳಿಯುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ದಡ್ಡರೆಂದುಕೊಂಡ ಕಡೆಯೆಲ್ಲ ಇಬ್ಬರಿಗೂ ನಷ್ಟವಾಗಿದೆ.

ತೆರೆಯದೆ ತಿಳಿಯುವ ದಾರಿಯ ಬೆಲೆ ಏನೆಂದು ಕೇಳಿದರೆ ನನ್ನ ಉತ್ತರ ಇದು: ಆ ದಾರಿಯಲ್ಲಿ ತಿಳಿವು ಎಂದೂ ಪೂರ್ಣವಾಗುವುದಿಲ್ಲ, ಆ ಅಪೂರ್ಣತೆಯನ್ನು ತಿಳಿದೂ ಒಪ್ಪಿಕೊಂಡಿರಬೇಕು. ಕೊಯ್ದವನು ‘ನೋಡಿದೆ’ ಎನ್ನಬಲ್ಲ. ನೀರನ್ನು ಕೇಳಿದವನು ‘ಹೀಗಿರಬೇಕು’ ಎನ್ನುವಷ್ಟಕ್ಕೆ ನಿಲ್ಲಬೇಕು. ಅದಕ್ಕೆ ಪ್ರತಿಯಾಗಿ ಅವನಿಗೆ ಸಿಗುವುದು ಇದು: ನಾಳೆಯೂ ಅದೇ ಬ್ಯಾಟರಿಯನ್ನು ಕೇಳಬಹುದು, ಮುಂದಿನ ತಿಂಗಳೂ ಕೇಳಬಹುದು. ಇವತ್ತಿನ ಊಹೆ ತಪ್ಪಿದ್ದರೆ ನಾಳೆ ತಿದ್ದಿಕೊಳ್ಳಬಹುದು. ಕೊಯ್ದ ಬ್ಯಾಟರಿ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಒಂದು ವಸ್ತು ತನ್ನ ಕೆಲಸ ಮಾಡಿಕೊಂಡಿರಲಿ ಎಂದು ಬಿಟ್ಟು, ಅದಕ್ಕೆ ತಕ್ಕಷ್ಟು ಕಡಿಮೆ ತಿಳಿದುಕೊಳ್ಳುವುದಕ್ಕೂ ಸಿದ್ಧರಾಗುವುದು ವಿಜ್ಞಾನದಲ್ಲಿ ಒಂದು ಶೀಲ ಎಂದೇ ನಾನು ಭಾವಿಸುತ್ತೇನೆ.

ಹಾಗೆ ಮತ್ತೆ ಮತ್ತೆ ಕೇಳಿದವರಿಗೆ ಯಾರೂ ಎಣಿಸದ ಸಂಗತಿಗಳೂ ಸಿಕ್ಕಿವೆ. 2020ರಲ್ಲಿ ಜೆರ್ಶೋ ಮತ್ತು ಜರ್ಮನಿಯ ಡಿಮಿತ್ರಿ ಬುಡ್ಕರ್ ಸೇರಿದ ತಂಡ ದೊಡ್ಡ ಅಯಸ್ಕಾಂತವನ್ನೇ ಬಿಟ್ಟಿತು. ಹೊರಗಿನ ಕಾಂತಪ್ರಭಾವ ತಾಕದಂತೆ ಮರೆಮಾಡಿದ ಜಾಗದಲ್ಲಿ ಬ್ಯಾಟರಿಯನ್ನಿಟ್ಟು, ಪರಮಾಣುಗಳ ಆವಿಯಿಂದ ಕೆಲಸ ಮಾಡುವ ಬಹು ಸೂಕ್ಷ್ಮವಾದ ಮಾಪಕದಿಂದ ಬ್ಯಾಟರಿಯ ಸುತ್ತಲ ಕ್ಷೇತ್ರವನ್ನು ಅಳೆಯಿತು. ಚಾರ್ಜ್ ಮಾಡುವುದನ್ನೋ ಖಾಲಿ ಮಾಡುವುದನ್ನೋ ನಿಲ್ಲಿಸಿ ತಂತಿ ತೆಗೆದ ಮೇಲೂ ಬ್ಯಾಟರಿಯೊಳಗೆ ಸಣ್ಣ ಕರೆಂಟುಗಳು ಕೆಲಹೊತ್ತು ಓಡಾಡುತ್ತವೆ ಎಂದು ಅದರಿಂದ ತಿಳಿಯಿತು. ನಾವು ವಿಶ್ರಾಂತಿ ಎನ್ನುವ ಹೊತ್ತಿನಲ್ಲಿ ಅದು ತನ್ನೊಳಗಿನ ಹೆಚ್ಚುಕಡಿಮೆಯನ್ನು ಸರಿಪಡಿಸಿಕೊಳ್ಳುತ್ತಿರುತ್ತದೆ.

ಇದೆಲ್ಲ ನಮ್ಮ ತಾಲ್ಲೂಕುಗಳಿಗೆ ಯಾಕೆ ಬೇಕು ಎಂದು ಕೇಳುವವರಿಗೆ ನೇರ ಉತ್ತರವಿದೆ. ವಿದ್ಯುತ್ ಸ್ಕೂಟರುಗಳು ಹಳ್ಳಿಯ ದಾರಿಗೆ ಬಂದಾಗಿದೆ. 2022ರಲ್ಲಿ ದೇಶದ ಹಲವೆಡೆ ಅವುಗಳಿಗೆ ಬೆಂಕಿ ಹತ್ತಿದ ಸುದ್ದಿಯನ್ನೂ ಓದಿದ್ದೇವೆ. ವಾಹನಕ್ಕೆ ಸಾಲದೆಂದು ತೆಗೆದ ಬ್ಯಾಟರಿಯಲ್ಲಿ ಮೊದಲ ಶಕ್ತಿಯ ಮುಕ್ಕಾಲು ಪಾಲಿನಷ್ಟು ಇನ್ನೂ ಉಳಿದಿರಬಹುದು. ಬೀದಿಯ ಸೋಲಾರ್ ದೀಪಕ್ಕೆ, ಹೊಲಮನೆಯ ಬೆಳಕಿಗೆ ಅಷ್ಟು ಸಾಕು. ತೊಡಕು ಆರಿಸುವುದರಲ್ಲಿದೆ. ಒಂದೇ ಪೆಟ್ಟಿಗೆಯಲ್ಲಿ ಕೂತ ಕೋಶಗಳು ಒಂದೇ ಸಮನಾಗಿ ಮುಪ್ಪಾಗುವುದಿಲ್ಲ; ವೋಲ್ಟೇಜ್ ಒಂದೇ ತೋರಿಸುವ ಎರಡು ಕೋಶಗಳಲ್ಲಿ ಒಂದರ ಒಳಗೆ ಪಾಚಿ ಬೆಳೆದಿರಬಹುದು. ಕೆಟ್ಟದ್ದನ್ನು ಒಳ್ಳೆಯದೆಂದು ಇಟ್ಟುಕೊಂಡರೆ ಮನೆಗೆ ಬೆಂಕಿ. ಒಳ್ಳೆಯದನ್ನು ಕೆಟ್ಟದ್ದೆಂದು ಎಸೆದರೆ ಎಲ್ಲೋ ನೆಲ ಅಗೆದು ತೆಗೆದ ಲಿಥಿಯಂ ನಮ್ಮ ತಿಪ್ಪೆಯ ಪಾಲು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಮರಳಿ ಬಂದದ್ದರಲ್ಲಿ ಯಾವುದಕ್ಕೆ ಇನ್ನೂ ಬಾಳಿದೆ ಎಂದು ತೆರೆಯದೆ ಹೇಳಬೇಕಾದ ಕೆಲಸ ಹಾಗೇ ಉಳಿದಿದೆ.

ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಂ ಇದೆಯೆಂಬ ಸುದ್ದಿ 2020ರಲ್ಲಿ ಬಂದಾಗ ಅಂದಾಜು 14,100 ಟನ್ ಎಂದಿತ್ತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯ ಹೇಳಿದ್ದು 1,600 ಟನ್. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಧಾರವಾಡ ಶಿಲಾಸ್ತೋಮದ ಸೀಮೆ ಅದು. ನೆಲದೊಳಗಿನ ಲಿಥಿಯಂ ಅಷ್ಟು ಕಡಿಮೆ ಇರುವ ನಾಡಿಗೆ ಬಳಸಿದ ಬ್ಯಾಟರಿಗಳೇ ಗಣಿ. ಆ ಗಣಿಯಲ್ಲಿ ದುಡಿಯುವವರು ಚಿಕ್ಕ ಊರುಗಳ ರಿಪೇರಿ ಹುಡುಗರು. ಎಂಆರ್‌ಐ ಯಂತ್ರ ಅವರ ಅಂಗಡಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ದೊಡ್ಡ ಅಯಸ್ಕಾಂತವಿಲ್ಲದೆ ಕ್ಷೇತ್ರವನ್ನು ಓದುವ ಮಾಪಕಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿವೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯ ಅದಕ್ಕಿಂತ ಬಹಳ ಹಿಂದಿನಿಂದ ಇದೆ. ಅಲ್ಲಿಂದ ಅಣ್ಣಿಗೇರಿಗೆ ಬಸ್ಸಿನಲ್ಲಿ ಎರಡು ತಾಸೂ ಇಲ್ಲ. ಅಂಥ ಮಾಪಕವೊಂದನ್ನು ಆ ಹುಡುಗರು ಕೊಳ್ಳಬಲ್ಲ ಬೆಲೆಗೆ ಇಳಿಸುವ ಕೆಲಸವನ್ನು ಯಾರಾದರೂ ಇಲ್ಲಿಯೇ ಕೈಗೆತ್ತಿಕೊಳ್ಳಲಿ.